ತವರಿನಲ್ಲಿ ಹುಟ್ಟಿದವಳ ಪ್ರಶ್ನೆ

ಬೆಳಿಗ್ಗೆ ಒಂಬತ್ತಕ್ಕೆ ಕೊಪ್ಪಳದ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬಾಗಿಲು ತೆಗೆದು, ಕಸ ಹೊಡೆದು, ಮೊದಲ ಬ್ಯಾಚಿನವರು ಬರುವುದರೊಳಗೆ ಸರತಿ ಮುಗಿಸಬೇಕು. ಇದು ನಾನೇ ಹಾಕಿಕೊಂಡ ನೇಮ. ಸರತಿ ಎಂದರೆ ನಮ್ಮ ಪ್ರಶ್ನೋತ್ತರ ಸೈಟಿಗೆ ಹಿಂದಿನ ಸಂಜೆಯಿಂದ ಬಂದು ಕೂತ ಬರಹಗಳ ಸಾಲು. ನಾನು ಒಪ್ಪಿದರೆ ಎಲ್ಲರಿಗೂ ಕಾಣುತ್ತವೆ, ಅಳಿಸಿದರೆ ಅಲ್ಲಿಗೇ ಮುಗಿಯಿತು. ಆ ಸೋಮವಾರ ತೆರೆದು ನೋಡಿದರೆ ನೂರಕ್ಕೂ ಹೆಚ್ಚು ಕೂತಿದ್ದವು. ಮಾಮೂಲಿ ದಿನ ಹದಿನೈದೋ ಇಪ್ಪತ್ತೋ ಇರುತ್ತಿದ್ದವು.

ಕಾರಣ ಗೊತ್ತಿದ್ದದ್ದೇ. ಹಿಂದಿನ ವಾರ ಸರ್ಕಾರಿ ನೌಕರಿಯ ಅಧಿಸೂಚನೆ ಹೊರಬಿದ್ದಿತ್ತು. ಅರ್ಜಿ ಹಾಕಲು ಒಂದು ತಿಂಗಳ ಮುದ್ದತ್ತು. ನಮ್ಮ ಕಡೆಯ ಜಿಲ್ಲೆಗಳವರಿಗೆ ಆ ನೌಕರಿಗಳಲ್ಲಿ ಬೇರೆ ಪಾಲಿದೆ. ಆ ಪಾಲಿನಲ್ಲಿ ಅರ್ಜಿ ಹಾಕಬೇಕಾದರೆ ೩೭೧ಜೆ ಸರ್ಟಿಫಿಕೇಟು ಬೇಕು. ಅದರ ನಂಬರು, ತಾರೀಖು ಎರಡನ್ನೂ ಅರ್ಜಿಯಲ್ಲಿ ತುಂಬಬೇಕು. ತಾರೀಖು ಅರ್ಜಿಯ ಕೊನೆಯ ದಿನದ ಆಚೆ ಹೋಯಿತೋ, ಸರ್ಟಿಫಿಕೇಟು ಇದ್ದೂ ಇಲ್ಲದಂತೆ. ಹೀಗಾಗಿ ಊರಿಗೆ ಊರೇ ಎದ್ದು ಒಂದೇ ಮಾತು ಕೇಳುತ್ತಿತ್ತು. "೩೭೧ಜೆ ಹೆಂಗ ತಗಸೂದ್ರಿ?" "ಎಷ್ಟ ದಿನಾ ಹಿಡಿತೈತ್ರಿ?" "ಯಾರರ ಪಿಡಿಎಫ್ ಹಾಕ್ರಿ." ಇನ್ನು ಕೆಲವರು ಬರೀ "ಹಾಯ್" ಅಂತ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಒಬ್ಬ ಪುಣ್ಯಾತ್ಮ ಪ್ರಶ್ನೆಯ ಜಾಗದಲ್ಲಿ ತನ್ನ ಟ್ರ್ಯಾಕ್ಟರಿನ ಫೋಟೋ ಹಾಕಿದ್ದ.

ಸೈಟು ಕಟ್ಟಿದವರು ಇಲ್ಲಿಯ ಕಾಲೇಜಿನ ಕಂಪ್ಯೂಟರ್ ಉಪನ್ಯಾಸಕರು. ಕಾವಲಿಗೆ ಇಬ್ಬರು. ಒಬ್ಬಳು ನಾನು, ಇನ್ನೊಬ್ಬರು ತಹಶೀಲ್ದಾರ್ ಕಚೇರಿಯಿಂದ ನಿವೃತ್ತರಾಗಿ ಯಲಬುರ್ಗಾದಲ್ಲಿದ್ದ ಶಿರಸ್ತೇದಾರರು. ಉತ್ತರ ಕಾನೂನಿಗೆ ಸರಿಯಿದೆಯೋ ಇಲ್ಲವೋ ಎಂದು ಅವರು ನೋಡಬೇಕು. ಕಸ ತೆಗೆಯುವುದು ನನ್ನ ಕೆಲಸ. ಕೇಳಿದ್ದನ್ನೇ ಮತ್ತೆ ಕೇಳಿದ್ದರೆ ಹಳೆಯ ಉತ್ತರದ ದಾರಿ ತೋರಿಸಿ ಮುಚ್ಚುವುದು, ಅರ್ಥವಾಗದ್ದನ್ನು ತಿದ್ದಲು ವಾಪಸು ಕಳಿಸುವುದು, ಜಾಹೀರಾತನ್ನು ಅಳಿಸುವುದು. ಅಳಿಸುವಾಗ ಕಾರಣ ಬರೆಯಬೇಕು. ಅಳಿಸಿಕೊಂಡವರು ತಕರಾರಿದ್ದರೆ ಮನವಿ ಪೆಟ್ಟಿಗೆಗೆ ಬರೆಯಬಹುದು. ಆ ಪೆಟ್ಟಿಗೆ ತೆರೆಯುವ ಜವಾಬ್ದಾರಿಯೂ ನನ್ನದೇ. ಸಂಬಳ ಗಿಂಬಳ ಏನಿಲ್ಲ, ನಮ್ಮ ಕಡೆಯ ಮಕ್ಕಳು ಅಡ್ಡದಾರಿ ಹಿಡಿಯದಿರಲಿ ಎಂಬ ಆಸೆಯಷ್ಟೇ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಡೆದದ್ದಕ್ಕೆ ಅದೇ ಅರ್ಧ ಕಾರಣ.

ಆ ದಿನಗಳಲ್ಲಿ ಸೈಟಿನಲ್ಲಿ ಎಲ್ಲರಿಗಿಂತ ಹೆಚ್ಚು ಉತ್ತರ ಬರೆದವನು ಕುಷ್ಟಗಿಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ಸೆಂಟರ್ ಇಟ್ಟುಕೊಂಡವನು. ನನ್ನ ಹಳೆಯ ವಿದ್ಯಾರ್ಥಿ. ಕೀ ಬೋರ್ಡಿನ ಕಡೆ ನೋಡದೆ ನಿಮಿಷಕ್ಕೆ ಅರವತ್ತು ಪದ ಹೊಡೆಯುತ್ತಿದ್ದ. ಅವನನ್ನು ಎಲ್ಲರ ಮುಂದೆ ಹೊಗಳಿ ನಾನೇ ಅಟ್ಟಕ್ಕೇರಿಸಿದ್ದೆ. ಸೈಟು ಶುರುವಾದಾಗ ಪ್ರಶ್ನೆ ಕೇಳುವವರಿದ್ದರು, ಹೇಳುವವರಿರಲಿಲ್ಲ. ಆಗ ಸರಿಯಾದ ಉತ್ತರಗಳನ್ನು ಪುಟಗಟ್ಟಲೆ ಬರೆದವನು ಇವನೇ. ಅವನ ಋಣ ನಮ್ಮ ಮೇಲಿತ್ತು, ಅದು ಅವನಿಗೂ ಗೊತ್ತಿತ್ತು.

ಹೋಗುತ್ತ ಹೋಗುತ್ತ ಉತ್ತರದ ಕೊನೆಗೆ ಫೋನ್ ನಂಬರು ಬರತೊಡಗಿತು. ತೆಗೆ ಅಂದೆ, ತೆಗೆದ. ಆಮೇಲೆ "ನನ್ನ ಖಾತೆ ನೋಡಿ" ಎಂದು ಬಂತು. ಖಾತೆಯ ಪುಟದಲ್ಲಿ ನಂಬರು, ಸೆಂಟರಿನ ಫೋಟೋ, ಬಸ್ ಸ್ಟ್ಯಾಂಡಿನಿಂದ ಬರುವ ದಾರಿ ಎಲ್ಲ ಇತ್ತು. ನಿಯಮದಲ್ಲಿ ಖಾತೆಯ ಪುಟದ ಮಾತು ಇರಲಿಲ್ಲ, ಸುಮ್ಮನಾದೆ. ಆದರೆ ಅಧಿಸೂಚನೆ ಬಂದ ವಾರದಲ್ಲಿ ಹೊಸದೊಂದು ನಡೆಯಿತು. ಮೂರು ದಿನದಲ್ಲಿ ಮೂರು ಹೊಸ ಖಾತೆಗಳಿಂದ ಮೂರು ಪ್ರಶ್ನೆ. ಮೂರರಲ್ಲೂ ಒಂದೇ ಗೋಳು. ನಾನು ಹುಟ್ಟಿದ್ದು ಈ ಭಾಗದ ಹೊರಗೆ, ಬೆಳೆದದ್ದು ಇಲ್ಲಿ, ನನಗೆ ಸರ್ಟಿಫಿಕೇಟು ಸಿಗುತ್ತದೆಯೇ, ಮಾಡಿಸಿಕೊಡುವವರು ಯಾರಾದರೂ ಇದ್ದಾರೆಯೇ. ಮೂರಕ್ಕೂ ನಮ್ಮ ಸೆಂಟರಿನವನು ನಾನು ಒಪ್ಪಿದ ಹತ್ತೇ ನಿಮಿಷದಲ್ಲಿ ಉತ್ತರ ಕೊಟ್ಟಿದ್ದ. ಇದು ಕಷ್ಟ, ಹುಟ್ಟಿದ ಊರಿನ ದಾಖಲೆ ಸರಿಪಡಿಸದೆ ಆಗುವುದಿಲ್ಲ, ನನ್ನ ಖಾತೆ ನೋಡಿ.

ಶಿರಸ್ತೇದಾರರು ಆ ಉತ್ತರ ಓದಿ ಫೋನಿನಲ್ಲೇ ಬೆಂಕಿಯಾದರು. ಅವರು ವಿವರಿಸಿದ್ದು ಇಷ್ಟು. ಈ ಭಾಗದಲ್ಲಿ ಹುಟ್ಟಿದವರಿಗೆ ಮಾತ್ರವಲ್ಲ, ಹತ್ತು ವರ್ಷ ಇಲ್ಲಿ ಬಾಳಿದವರಿಗೂ ಹಕ್ಕಿದೆ. ಸಾಲಿಯಲ್ಲಿ ಓದಿದ ದಾಖಲೆ ಕೊಟ್ಟರೆ ಸಾಕು, ಹುಟ್ಟಿದ ದಾಖಲೆ ಮುಟ್ಟುವ ಕೆಲಸವೇ ಇಲ್ಲ. ಇವನು ಹೇಳುವ 'ಸರಿಪಡಿಸುವುದು' ಅಂದರೆ ಇಲ್ಲಿಯ ಮನೆಯಲ್ಲೇ ಹುಟ್ಟಿದ್ದೆಂದು ಅಫಿಡವಿಟ್ ಮಾಡಿಸಿ ಇನ್ನೊಂದು ಜನನ ದಾಖಲೆ ಹುಟ್ಟಿಸುವುದು. ಆಸ್ಪತ್ರೆಯಲ್ಲಿ ಮೊದಲಿನದು ಇದ್ದೇ ಇರುತ್ತದೆ. ನೌಕರಿ ಸಿಕ್ಕ ಮೇಲೆ ಕಾಗದ ಪರಿಶೀಲನೆಗೆ ಹೋದಾಗ ಎರಡೂ ಎದುರುಬದುರಾದರೆ ನೌಕರಿಯೂ ಹೋಯಿತು, ಮೇಲೆ ಕೇಸು.

ಆ ಮೂರು ಪ್ರಶ್ನೆಗಳನ್ನು ಕೇಳಿದವನೂ ಅವನೇ ಎಂದು ನನಗೆ ಗುಮಾನಿ. ಆದರೆ ಸಾಬೀತು ಮಾಡುವುದು ಹೇಗೆ? ಒಂದನ್ನು ತಿದ್ದುವ ಪೆಟ್ಟಿಗೆಯಲ್ಲಿ ತೆರೆದೆ. ಪುಟದಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ. ಪ್ರತಿ ವಾಕ್ಯ ಮುಗಿದ ಮೇಲೆ ಎರಡು ಖಾಲಿ ಜಾಗ. ಎರಡನೆಯದನ್ನು ತೆರೆದೆ, ಎರಡು ಜಾಗ. ಮೂರನೆಯದರಲ್ಲೂ ಅದೇ. ಮೊಬೈಲಿನಲ್ಲಿ ಕುಟ್ಟುವ ಈಗಿನವರು ಯಾರೂ ಹಾಗೆ ಬಿಡುವುದಿಲ್ಲ. ಅದು ಟೈಪ್‌ರೈಟರ್ ಕಾಲದ ಶಿಸ್ತು. ನಾನೇ ಹಿಂದೆ ನಿಂತು, ಬಿಡದವರ ಬೆರಳಿಗೆ ಸ್ಕೇಲಿನಿಂದ ತಟ್ಟಿ ಕಲಿಸಿದ್ದು. ಅವನ ಉತ್ತರಗಳನ್ನು ತೆರೆದು ನೋಡಿದರೆ ಅಲ್ಲೂ ಎರಡೆರಡು ಜಾಗ. ಸಿಕ್ಕಿಬಿದ್ದೆಯಲ್ಲೋ ಮಗನೇ ಅಂದುಕೊಂಡೆ.

ಫೋನು ಹಚ್ಚಿದೆ. ಮೊದಲು ಅಲ್ಲ ಅಂದ, ಜಾಗದ ಮಾತು ಹೇಳಿದ ಮೇಲೆ ನಕ್ಕುಬಿಟ್ಟ. ಮಂದಿಗೆ ಉಪಯೋಗ ಆಗಲಿ ಅಂತ ತಾನೇ ಕೇಳಿ ತಾನೇ ಹೇಳಿದ್ದಂತೆ. ಇನ್ನು ಮುಂದೆ ಮಾಡುವುದಿಲ್ಲ ಅಂತ ಆಣೆ ಇಟ್ಟ. ಮೂರನ್ನೂ ಅಳಿಸಿ, ಆ ಮೂರು ಖಾತೆಗಳನ್ನು ಮುಚ್ಚಿದೆ. ಅವನ ಸ್ವಂತ ಖಾತೆ ಮಾತ್ರ ಹಳೆಯ ಋಣದ ಮುಲಾಜಿಗೆ ಉಳಿಸಿದೆ.

ಮಾರನೆಯ ಬೆಳಿಗ್ಗೆ ಸರತಿ ತೆರೆದರೆ ನಾಲ್ಕನೆಯ ಪ್ರಶ್ನೆ! ಹೊಸ ಖಾತೆ, ಅಡ್ಡಹೆಸರು. ನಮ್ಮಲ್ಲಿ ನಿಜ ಹೆಸರು ಹಾಕಲೇಬೇಕೆಂಬ ಕಟ್ಟಳೆ ಇಲ್ಲ. ಹುಟ್ಟಿದ್ದು ಗಜೇಂದ್ರಗಡದಲ್ಲಿ, ಅದು ಗದಗ ಜಿಲ್ಲೆ. ಬೆಳೆದದ್ದು, ಓದಿದ್ದು ಕುಷ್ಟಗಿ ತಾಲ್ಲೂಕಿನಲ್ಲಿ. ವಯಸ್ಸಿನ ಮಿತಿಗೆ ಇದೇ ಕೊನೆಯ ವರ್ಷ. ಸರ್ಟಿಫಿಕೇಟು ಸಿಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಇದನ್ನು ಯಾರು ಮಾಡಿಸಿಕೊಡುತ್ತಾರೆ, ದಯವಿಟ್ಟು ತಿಳಿಸಿ. ಅಚ್ಚುಕಟ್ಟಾದ ಕನ್ನಡ, ತಪ್ಪಿಲ್ಲದ ಟೈಪಿಂಗು. ತಿದ್ದುವ ಪೆಟ್ಟಿಗೆ ತೆರೆದೆ. ವಾಕ್ಯ ವಾಕ್ಯಕ್ಕೂ ಎರಡು ಜಾಗ.

ಆಣೆ ಇಟ್ಟು ಒಂದು ದಿನವೂ ಆಗಿರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಪೂರ್ತಿ ಓದುವ ತಾಳ್ಮೆಯೂ ಇರಲಿಲ್ಲ. ಅಳಿಸಿದೆ, ಖಾತೆ ಮುಚ್ಚಿದೆ, ಕಾರಣದ ಜಾಗದಲ್ಲಿ "ಸ್ವಂತ ವ್ಯಾಪಾರಕ್ಕಾಗಿ ಹುಟ್ಟಿಸಿದ ಸುಳ್ಳು ಪ್ರಶ್ನೆ. ನಾಚಿಕೆಯಾಗಬೇಕು" ಎಂದು ಬರೆದೆ. ನಾಚಿಕೆಯ ಮಾತು ನಿಯಮದ ನಮೂನೆಯಲ್ಲಿ ಇರಲಿಲ್ಲ, ಅದು ನನ್ನದೇ ಸೇರ್ಪಡೆ. ಆಮೇಲೆ ಹಗುರಾಗಿ ಚಹಾ ಕುಡಿದೆ. ಅರ್ಜಿಯ ಕೊನೆಯ ದಿನಕ್ಕೆ ಇನ್ನೂ ಇಪ್ಪತ್ತನಾಲ್ಕು ದಿನ ಇದ್ದವು.

ಮುಂದಿನ ಆರು ದಿನ ನಾನು ಮನವಿ ಪೆಟ್ಟಿಗೆ ತೆರೆಯಲಿಲ್ಲ. ಸಮಯವಿರಲಿಲ್ಲ ಎಂದು ಹೇಳಬಹುದು. ಸುಳ್ಳೂ ಅಲ್ಲ, ಸರತಿ ದಿನವೂ ಬೆಳೆಯುತ್ತಿತ್ತು, ಎಷ್ಟು ತೆಗೆದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆದರೆ ನಿಜ ಬೇರೆ. ಅಧಿಸೂಚನೆ ಬಂದ ಮೇಲೆ ಆ ಪೆಟ್ಟಿಗೆಯ ತುಂಬ ಬೈಗುಳ ಬರುತ್ತಿದ್ದವು. "ನೀ ಯಾರ ನನ್ನ ಪ್ರಶ್ನಿ ತಗ್ಯಾಕಿ" ಎನ್ನುವುದು ಅದರಲ್ಲಿ ಮರ್ಯಾದಸ್ಥ ಮಾತು. ಐವತ್ತು ದಾಟಿದ ಹೆಂಗಸು ಮುಂಜಾನೆ ಎದ್ದು ಅವನ್ನೆಲ್ಲ ಓದಬೇಕು ಅಂದರೆ ಬೇಡವಾಗಿತ್ತು. ಪೆಟ್ಟಿಗೆಯ ಮೇಲಿನ ಕೆಂಪು ಅಂಕಿ ಏರುವುದನ್ನು ನೋಡಿ ಬೆರಳು ಬೇರೆ ಕಡೆ ಒಯ್ಯುತ್ತಿದ್ದೆ. ಹೆದರಿದ್ದೆ, ಅಷ್ಟೇ.

ಆರನೆಯ ದಿನ ಶಿರಸ್ತೇದಾರರ ಫೋನು ಬಂತು. ಸೆಂಟರಿನವನ ಖಾತೆಯನ್ನೇ ತೆಗೆಸಬೇಕೆಂದು ಉಪನ್ಯಾಸಕರಿಗೆ ಬರೆಯಲು ಅವರು ಅಳಿಸಿದ ಬರಹಗಳ ಪಟ್ಟಿ ತೆಗೆದು ಓದುತ್ತಿದ್ದರು. ನಾಲ್ಕನೆಯದರಲ್ಲಿ ಅವರ ಕಣ್ಣು ತಡೆಯಿತು. ಒಂದು ಸಾಲು ಓದಿ ಹೇಳಿದರು. ನಮ್ಮವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಆದ್ದರಿಂದ ನಾನೊಬ್ಬಳೇ ಅಲ್ಲಿ ಹುಟ್ಟಿದವಳು, ತಮ್ಮ ತಂಗಿ ಎಲ್ಲ ಇಲ್ಲೇ ಹುಟ್ಟಿದವರು.

"ಸುಳ್ಳ ಬರ್ಯಾಂವ ಚೊಚ್ಚಲದ ಮಾತು ಯಾಕ ಬರೀತಾನ್ರೀ ಅಕ್ಕೋರ?" ಅಂದರು. "ಇದು ಖರೇನ ಅನಸ್ತೈತಿ ನಂಗ. ಗಡಿ ಊರಾಗ ಹಿರೀ ಮಕ್ಕಳೆಲ್ಲಾ ಹಿಂಗ ಹುಟ್ಯಾರ."

ಕುಷ್ಟಗಿ, ಯಲಬುರ್ಗಾ ಕಡೆಯ ಗಡಿಯ ಹಳ್ಳಿಗಳಿಗೆ ಗಜೇಂದ್ರಗಡವೇ ಸಂತೆ, ಗಜೇಂದ್ರಗಡವೇ ಬೀಗಸ್ತನ. ಹೊಲದ ಬದು ದಾಟಿದರೆ ಬೇರೆ ಜಿಲ್ಲೆ, ಶಿರಸ್ತೇದಾರರ ಹಳೆಯ ಮಾತಿನಲ್ಲಿ ಹೇಳುವುದಾದರೆ ಮೊಗಲಾಯಿಯ, ಅಂದರೆ ನಮ್ಮ ಈ ಸೀಮೆಯ, ಹೊರಗೆ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಎಲ್ಲರ ಮನೆಯ ರೂಢಿ. ನಾನೂ ಹಾಗೇ ಹೋಗಿ ಹೆತ್ತು ಬಂದವಳು. ಹಾಗಿದ್ದೂ ಇಂಥ ಪ್ರಶ್ನೆ ನಿಜವಾಗಿಯೂ ಒಬ್ಬಳಿಗೆ ಇರಬಹುದು ಎಂದು ನನಗೆ ಹೊಳೆದಿರಲಿಲ್ಲ. ಇನ್ನು ಎರಡು ಜಾಗದ ಮಾತು. ಆ ಶಿಸ್ತನ್ನು ನಾನು ಕಲಿಸಿದ್ದು ಸೆಂಟರಿನವನೊಬ್ಬನಿಗೇ ಏನು? ಇಪ್ಪತ್ತು ವರ್ಷದಿಂದ ಈ ಜಿಲ್ಲೆಯ ನೂರಾರು ಮಕ್ಕಳಿಗೆ ಕಲಿಸಿದ್ದೆ. ನನ್ನ ವಿದ್ಯಾರ್ಥಿ ಎನ್ನುವ ಗುರುತನ್ನೇ ನಾನು ಕಳ್ಳನ ಗುರುತು ಮಾಡಿಕೊಂಡಿದ್ದೆ.

ಮನವಿ ಪೆಟ್ಟಿಗೆ ತೆರೆದೆ. ಬೈಗುಳಗಳ ನಡುವೆ ಅವಳದು ಎರಡಿದ್ದವು. ಮೊದಲನೆಯದು ನಾನು ಅಳಿಸಿದ ದಿನ ಮಧ್ಯಾಹ್ನವೇ ಬರೆದದ್ದು. "ಅಕ್ಕೋರ, ನಾನು ನಿಮ್ಮ ಹತ್ತಿರವೇ ಟೈಪಿಂಗ್ ಕಲಿತವಳು. ಸಂಜೆ ಬ್ಯಾಚು. ನನ್ನದು ಸುಳ್ಳು ಪ್ರಶ್ನೆ ಅಲ್ಲ. ನನ್ನನ್ನು ಯಾಕೆ ತೆಗೆದಿರಿ? ನಾಚಿಕೆಯಾಗುವಂಥದ್ದು ಏನು ಮಾಡಿದೆ?" ಕೆಳಗೆ ಹೆಸರು, ಊರು, ಫೋನ್ ನಂಬರು. ಎರಡನೆಯದು ನಾಲ್ಕು ದಿನದ ಮೇಲಿನದು, ಒಂದೇ ಸಾಲು. "ನಿಮ್ಮಿಂದ ಉತ್ತರ ಬರಲಿಲ್ಲ, ಬೇರೆ ಕಡೆ ಕೇಳಿದೆ."

ಬೇರೆ ಕಡೆ ಅಂದರೆ ಎಲ್ಲಿ ಎಂದು ನನಗೆ ಗೊತ್ತಿತ್ತು. ಫೋನು ಹಚ್ಚುವಾಗ ಎರಡು ಸಲ ತಪ್ಪು ನಂಬರು ಒತ್ತಿದೆ. ಅವಳು ಎತ್ತಿದಳು. ಸಿಟ್ಟಿಲ್ಲದ ದನಿ, ಅದು ಇನ್ನೂ ಕಷ್ಟ. ಅವಳು ಹೇಳಿದ್ದರ ಸಾರಾಂಶ ಇಷ್ಟು. ಹೊರಗೆ ಹುಟ್ಟಿದವಳಿಗೆ ಸಿಗುವುದಿಲ್ಲ ಎಂದೇ ಇಷ್ಟು ವರ್ಷ ನಂಬಿ ಸುಮ್ಮನಿದ್ದಳು. ಹೊಲಕ್ಕೆ ಹೋಗುತ್ತ, ಖಾಸಗಿ ಸಾಲಿಯಲ್ಲಿ ಪಾಠ ಹೇಳುತ್ತ, ಪರೀಕ್ಷೆಗೆ ಓದುತ್ತ ಇದ್ದವಳು. ನಮ್ಮ ಸೈಟಿನಲ್ಲಿ ಯಾರಿಗೋ ಕೊಟ್ಟ ಉತ್ತರದಲ್ಲಿ ಹತ್ತು ವರ್ಷದ ಮಾತು ಓದಿ ಮೊದಲ ಸಲ ಆಸೆ ಹುಟ್ಟಿ ಕೇಳಿದ್ದಳು. ನಾವು ಸುಳ್ಳಿ ಅಂದ ಮೇಲೆ ಆಸೆ ಬಿಟ್ಟು ಸೆಂಟರಿಗೆ ಹೋದಳು. ಅವನು ಹತ್ತನೆಯ ತರಗತಿಯ ಅಂಕಪಟ್ಟಿಯ ಅಸಲು ಪ್ರತಿ ಇಟ್ಟುಕೊಂಡು, ಊರಿನ ಮನೆಯಲ್ಲಿ ಹುಟ್ಟಿದ್ದೆಂಬ ಬಾಂಡ್ ಪೇಪರಿಗೆ ಸಹಿ ಮಾಡಿಸಿಕೊಂಡಿದ್ದಾನೆ. ಇನ್ನೂ ಎಲ್ಲಿಗೂ ಕೊಟ್ಟಿಲ್ಲ, ಎರಡು ದಿನದಲ್ಲಿ ಕೊಡುತ್ತಾನಂತೆ.

ಕೊಡಬೇಡ ಎಂದು ಅವನಿಗೆ ಹೇಳು, ನಾಳೆ ನಾನೇ ಬರುತ್ತೇನೆ ಅಂದೆ. ನೀವು ಯಾಕೆ ಬರುತ್ತೀರಿ ಎಂದು ಅವಳಿಗೆ ಅರ್ಥವಾಗಲಿಲ್ಲ.

ಹೊರಡುವ ಮುಂಚೆ ಇನ್ನೊಂದು ಕೆಲಸವಿತ್ತು. ಉಪನ್ಯಾಸಕರಿಗೆ ಎಲ್ಲ ಹೇಳಿದೆ. ಅವರು ಒಳ್ಳೆಯ ಮನುಷ್ಯ. ಪ್ರಶ್ನೆ ಸದ್ದಿಲ್ಲದೆ ವಾಪಸು ಹಾಕಿ, ಖಾತೆ ತೆರೆಯಿರಿ, ಸಾಕು ಅಂದರು. ತಪ್ಪಾಯಿತೆಂದು ಬಹಿರಂಗವಾಗಿ ಬರೆದರೆ ನಾಳೆಯಿಂದ ಅಳಿಸಿಕೊಂಡವರೆಲ್ಲ ನಮ್ಮದನ್ನೂ ತಪ್ಪಾಗಿಯೇ ಅಳಿಸಿದ್ದೀರಿ ಎಂದು ಎದೆ ಮೇಲೆ ಕೂರುತ್ತಾರೆ, ಸೆಂಟರಿನವನಿಗೂ ಮಾತು ಸಿಗುತ್ತದೆ. ಅವರ ಮಾತಿನಲ್ಲಿ ಹುರುಳಿತ್ತು. ಶಿರಸ್ತೇದಾರರದೂ ಅದೇ ಅಭಿಪ್ರಾಯ. ಸರ್ಕಾರಿ ಕಡತದಲ್ಲಿ ತಪ್ಪಾಯಿತು ಅಂತ ಯಾರೂ ಷರಾ ಬರೆಯುವುದಿಲ್ಲವಂತೆ, ತಿದ್ದುಪಡಿ ಅಂತ ಬರೆಯುತ್ತಾರಂತೆ.

ನಾನು ಅರ್ಧ ಗಂಟೆ ಪರದೆ ನೋಡುತ್ತ ಕೂತೆ. ಮರ್ಯಾದೆ ಹೋಗುವ ಹೆದರಿಕೆ ನನಗೂ ಇತ್ತು, ಅದೂ ನನ್ನ ವಿದ್ಯಾರ್ಥಿಗಳೇ ತುಂಬಿದ ಜಾಗದಲ್ಲಿ. ಆದರೆ ನಾಚಿಕೆಯಾಗಬೇಕು ಎಂದು ಅವಳಿಗೆ ಬರೆದವಳು ನಾನು. ಅವಳು ಅದನ್ನು ಆರು ದಿನ ಹೊತ್ತುಕೊಂಡು ತಿರುಗಿದ್ದಾಳೆ. ಕೊನೆಗೆ ಪ್ರಶ್ನೆಯನ್ನು ಮತ್ತೆ ಹಾಕಿ, ಅದರ ಕೆಳಗೆ ನನ್ನ ಹೆಸರಿನಲ್ಲೇ ಬರೆದೆ. ಈ ಪ್ರಶ್ನೆಯನ್ನು ಪೂರ್ತಿ ಓದದೆ ಸುಳ್ಳೆಂದು ಅಳಿಸಿದ್ದು ನಾನು, ಮನವಿಯನ್ನು ಆರು ದಿನ ನೋಡದೆ ಇದ್ದದ್ದೂ ನಾನು, ಕೇಳಿದವರ ತಪ್ಪು ಏನೂ ಇಲ್ಲ. ಅದರ ಕೆಳಗೆ ಶಿರಸ್ತೇದಾರರು ಹತ್ತು ವರ್ಷದ ನಿಯಮ, ಬೇಕಾದ ಕಾಗದ, ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಎಲ್ಲ ಬಿಡಿಸಿ ಬರೆದರು. ಜನನ ದಾಖಲೆ ಬದಲಿಸುವುದು ಅಪರಾಧ ಎಂದು ದಪ್ಪ ಅಕ್ಷರದಲ್ಲಿ ಹಾಕಿದರು.

ಮರುದಿನ ಬೆಳಗಿನ ಕುಷ್ಟಗಿ ಬಸ್ಸು ಹಿಡಿದೆ. ಯಲಬುರ್ಗಾದಲ್ಲಿ ಶಿರಸ್ತೇದಾರರು ಕೈಚೀಲ ಹಿಡಿದು ಹತ್ತಿದರು. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಅವನು ಆಗಲೇ ಆ ಬಾಂಡ್ ಪೇಪರನ್ನು ಎಲ್ಲಾದರೂ ಕೊಟ್ಟುಬಿಟ್ಟಿದ್ದರೆ? ಕೊಟ್ಟ ಮೇಲೆ ವಾಪಸು ತೆಗೆಯುವುದು ಅಂದರೆ ತಾನೇ ಸುಳ್ಳು ಬರೆದೆ ಎಂದು ಅವಳು ಒಪ್ಪಿಕೊಂಡಂತೆ. ಶಿರಸ್ತೇದಾರರು ಶೇಂಗಾ ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಿದ್ದರು, ನಾನು ಒಂದನ್ನೂ ಬಾಯಿಗೆ ಹಾಕಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅವಳು ನಿಂತಿದ್ದಳು. ಮುಖ ನೋಡಿದೊಡನೆ ನೆನಪಾಯಿತು. ಸಂಜೆ ಬ್ಯಾಚಿನಲ್ಲಿ ಯಾವತ್ತೂ ಮಾತಾಡದ ಹುಡುಗಿ. ಈಗ ಕಣ್ಣಿನ ಕೆಳಗೆ ಕಪ್ಪು. ನಾನು ಮಾತು ಹುಡುಕುವುದರೊಳಗೆ ಅವಳೇ ಬಗ್ಗಿ ಕಾಲು ಮುಟ್ಟಲು ಬಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸೆಂಟರಿನಲ್ಲಿ ಹತ್ತು ಹದಿನೈದು ಜನ ಸಾಲಾಗಿ ನಿಂತಿದ್ದರು. ಅವನು ನನ್ನನ್ನು ಕಂಡು ಎದ್ದು ಕುರ್ಚಿ ಬಿಟ್ಟುಕೊಟ್ಟ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದು ಶಿರಸ್ತೇದಾರರು ಮೆತ್ತಗೆ ಶುರು ಮಾಡಿದರು. ಈ ಕೆಲಸಕ್ಕೆ ಕಾನೂನಿನಲ್ಲಿ ಯಾವ ಹೆಸರಿದೆ, ಸಹಿ ಮಾಡಿದವರಿಗೇನು, ಮಾಡಿಸಿದವರಿಗೇನು ಎಂದು ಪಂಚಾಂಗ ಓದಿದ ಹಾಗೆ ಹೇಳಿ ಮುಗಿಸಿದರು. ಅವನು ಸುಮ್ಮನೆ ಡ್ರಾ ಎಳೆದು ಅಂಕಪಟ್ಟಿ, ಬಾಂಡ್ ಪೇಪರ್ ಎರಡನ್ನೂ ಅವಳ ಕೈಗೆ ಕೊಟ್ಟ. ಇನ್ನೂ ಎಲ್ಲಿಗೂ ಹೋಗಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಆಗ ನನ್ನ ಬಾಯಿ ಸುಮ್ಮನಿರಬೇಕಿತ್ತು, ಇರಲಿಲ್ಲ. ನಿನ್ನಂಥವನಿಗೆ ಕಲಿಸಿದೆನಲ್ಲ ಎಂದು ಎಲ್ಲರ ಮುಂದೆ ಅಂದೆ.

ಅವನು ನನ್ನನ್ನೇ ನೋಡಿದ. ದನಿ ಏರಿಸಲಿಲ್ಲ.

"ಅಕ್ಕೋರ, ನಾ ಆಕಿನ್ನ ಕರಿಯಾಕ ಹೋಗಿದ್ದಿಲ್ರಿ. ನೀವು ಅಲ್ಲಿ ಬಾಗಲಾ ಹಾಕಿದ್ರಿ, ಆಕಿ ಇಲ್ಲಿ ಬಂದ್ಲು."

ಅವನ ಖಾತೆಯನ್ನು ಅದೇ ದಿನ ತೆಗೆದೆವು, ಅದು ಸರಿಯೇ. ಆದರೆ ಅವನ ಆ ಮಾತು ಮಾತ್ರ ಸುಳ್ಳಾಗಿರಲಿಲ್ಲ.

ಅಲ್ಲಿಂದ ಮುಂದೆ ಓಟ. ಅವಳ ಊರಿನ ಪ್ರಾಥಮಿಕ ಸಾಲಿಯ ಹೆಡ್‌ಮಾಸ್ತರರು ತರಬೇತಿಗೆ ಹೋಗಿದ್ದರು, ಅವರು ಬಂದು ಹಳೆಯ ದಾಖಲಾತಿ ಪುಸ್ತಕ ಹುಡುಕಿ, ಅವಳು ಅಲ್ಲಿ ಓದಿದ ಸರ್ಟಿಫಿಕೇಟು ಬರೆದುಕೊಡಲು ಎರಡು ದಿನ. ಹೈಸ್ಕೂಲಿನದು ಒಂದೇ ದಿನದಲ್ಲಿ ಸಿಕ್ಕಿತು. ಎರಡಕ್ಕೂ ಶಿಕ್ಷಣ ಇಲಾಖೆಯ ಮೇಲುಸಹಿ. ಸರ್ಟಿಫಿಕೇಟಿನ ಅರ್ಜಿ ಕಚೇರಿ ಸೇರುವಾಗ ನೌಕರಿ ಅರ್ಜಿಯ ಕೊನೆಯ ದಿನಕ್ಕೆ ಹದಿನೈದು ದಿನ ಉಳಿದಿತ್ತು. ಊರಿನಲ್ಲಿ ವಿಚಾರಣೆ ಆಗಬೇಕು, ತಹಶೀಲ್ದಾರ್ ಕಚೇರಿಯಿಂದ ವರದಿ ಕೊಪ್ಪಳಕ್ಕೆ ಬರಬೇಕು, ಇಲ್ಲಿ ಉಪವಿಭಾಗಾಧಿಕಾರಿಗಳ ಸಹಿ ಆಗಬೇಕು. ಇಡೀ ಜಿಲ್ಲೆ ಅದೇ ಮೇಜಿನ ಮುಂದೆ ನಿಂತಿತ್ತು. ಅಲ್ಲಿಯವರು ಮಧ್ಯಾಹ್ನದ ಊಟ ಬಿಟ್ಟು ಕೆಲಸ ಮಾಡಿದ್ದನ್ನು ನಾನೇ ನೋಡಿದ್ದೇನೆ. ಅವರಿವರಿಗೆ ಹೇಳಿ ಅವಳ ಕಡತ ಮೇಲೆ ಎಳೆಸಬಹುದಾಗಿತ್ತೋ ಏನೋ. ಶಿರಸ್ತೇದಾರರು ಒಪ್ಪಲಿಲ್ಲ. ಮೇಲೆ ಎಳೆದರೆ ಕೆಳಗೆ ಹೋಗುವುದು ಇನ್ನೊಬ್ಬರ ಮಗಳ ಕಡತ ಅಂದರು.

ಆ ಹದಿನೈದು ದಿನ ನನಗೆ ಅನ್ನ ಸೇರಲಿಲ್ಲ. ದಿನಕ್ಕೆ ಎರಡು ಸಲ ಅರ್ಜಿಯ ಸಂಖ್ಯೆ ಹಾಕಿ ಎಲ್ಲಿದೆ ಎಂದು ನೋಡುತ್ತಿದ್ದೆ. 'ಪರಿಶೀಲನೆಯಲ್ಲಿದೆ.' ಮಧ್ಯಾಹ್ನ ನೋಡಿದರೂ ಪರಿಶೀಲನೆಯಲ್ಲಿದೆ. ಅತ್ತ ಸೈಟಿನಲ್ಲಿ ಉಪನ್ಯಾಸಕರು ಹೇಳಿದ್ದೆಲ್ಲ ನಡೆಯಿತು. ಅಳಿಸಿಕೊಂಡವರೆಲ್ಲ ತಿರುಗಿಬಿದ್ದರು. ಟ್ರ್ಯಾಕ್ಟರಿನವನೂ ನ್ಯಾಯ ಕೇಳಿದ. ಆದರೆ ಅವಳ ಪ್ರಶ್ನೆಯ ಕೆಳಗೆ ಇನ್ನೊಂದೂ ನಡೆಯಿತು. ಗಡಿಯ ಊರುಗಳ ಹಿರಿಯ ಮಕ್ಕಳು ಒಬ್ಬೊಬ್ಬರೇ ಬಂದು ಬರೆಯತೊಡಗಿದರು. ನಾನೂ ಇಳಕಲ್ಲಿನಲ್ಲಿ ಹುಟ್ಟಿದವ, ನಾನೂ ರೋಣದಲ್ಲಿ, ನಮ್ಮ ಅಕ್ಕನೂ ಹೀಗೇ, ನಮಗೂ ಸಿಗುತ್ತದೆಂದು ಗೊತ್ತೇ ಇರಲಿಲ್ಲ. ಅವರಲ್ಲಿ ಕೆಲವರ ಹತ್ತಿರ ಸಾಲಿಯ ಕಾಗದಗಳೆಲ್ಲ ಮೊದಲೇ ತಯಾರಿದ್ದವು, ಅವರು ಅವಳಿಗಿಂತ ಮುಂಚೆ ಅರ್ಜಿ ಹಾಕಿದರು. ಮನವಿ ಪೆಟ್ಟಿಗೆಯನ್ನು ನಾನು ಈಗ ದಿನವೂ ಎಲ್ಲಕ್ಕಿಂತ ಮೊದಲು ತೆರೆಯುತ್ತಿದ್ದೆ, ಬೈಗುಳವನ್ನೂ ಕೊನೆಯ ಅಕ್ಷರದ ತನಕ ಓದುತ್ತಿದ್ದೆ.

ಕೊನೆಯ ದಿನ ಬೆಳಿಗ್ಗೆಯೇ ಅವಳು ಇನ್‌ಸ್ಟಿಟ್ಯೂಟಿಗೆ ಬಂದು ಕೂತಳು. ಸಂಜೆ ಐದರವರೆಗೆ ಇಬ್ಬರೂ ಪರದೆ ನೋಡಿದೆವು. ಆಮೇಲೆ ಅವಳೇ ಸಾಕು ಅಂದಳು. ಸರ್ಟಿಫಿಕೇಟಿನ ಜಾಗದಲ್ಲಿ 'ಇಲ್ಲ' ಎಂದು ಒತ್ತಿ, ಇಡೀ ರಾಜ್ಯದವರು ಪೈಪೋಟಿ ಮಾಡುವ ಕಡೆ ಅರ್ಜಿ ಹಾಕಿದಳು. ಬೆರಳು ಒಂದೂ ತಪ್ಪಲಿಲ್ಲ.

ಸರ್ಟಿಫಿಕೇಟು ಮೂರು ದಿನ ಕಳೆದು ಬಂತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮವ್ವ ಅನ್ನುತ್ತಿದ್ದಳು, ನನ್ನನ್ನೇ ನೋಡಿ ಅನ್ನುತ್ತಿದ್ದಳು. ಆದರೆ ಇಲ್ಲಿ ಮೂಗು ನನ್ನದಾಗಿರಲಿಲ್ಲ.

ಅವಳು ಪರೀಕ್ಷೆ ಬರೆದಳು. ತಿಂಗಳುಗಳ ಮೇಲೆ ಪಟ್ಟಿ ಬಂತು, ಅವಳ ಹೆಸರಿರಲಿಲ್ಲ. ನಮ್ಮ ಭಾಗದ ಪಾಲಿನಲ್ಲಿ ಕೊನೆಯದಾಗಿ ಆಯ್ಕೆಯಾದವರ ಅಂಕ ಅವಳಿಗಿಂತ ಕಡಿಮೆ ಇತ್ತು. ಅದನ್ನು ನೋಡಿದ ದಿನ ನಾನು ಮೊದಲ ಬ್ಯಾಚು ಬಿಟ್ಟು ಒಳಗೆ ಹೋಗಿ ಅತ್ತೆ.

ವಾರದ ಮೇಲೆ ಅವಳು ಬಂದಳು. ಬರುತ್ತಾಳೆಂದು ಗೊತ್ತಾದಾಗಿನಿಂದ ನನಗೆ ಕಳವಳ. ಏನು ಕೇಳಬಹುದು, ಏನು ಹೇಳಲಿ ಎಂದು ಶಿರಸ್ತೇದಾರರಿಗೆ ಫೋನು ಮಾಡಿದ್ದೆ. ಸರ್ಕಾರಿ ಕೆಲಸ, ಮೊದಲೇ ಕೊಟ್ಟಿದ್ದರೂ ಎಷ್ಟು ದಿನ ಹಿಡಿಯುತ್ತಿತ್ತೋ ಯಾರಿಗೆ ಗೊತ್ತು ಅನ್ನಿ, ಅದೂ ಸುಳ್ಳಲ್ಲ, ಅವಳ ಮನಸ್ಸಿಗೂ ಹಗುರ ಅಂದಿದ್ದರು. ಆ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವಳು ಚಹಾ ಕುಡಿದಳು, ತಂಗಿಯ ಮದುವೆಯ ಸುದ್ದಿ ಹೇಳಿದಳು, ಅದೇ ಖಾಸಗಿ ಸಾಲಿಯಲ್ಲಿ ಮುಂದುವರಿದಿದ್ದೇನೆ ಅಂದಳು. ಏಳುವ ಹೊತ್ತಿಗೆ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಅಕ್ಕೋರ, ಒಂದ ಮಾತು ಕೇಳ್ತೀನ್ರಿ. ನೀವು ಅವತ್ತ ನನ್ನ ಪ್ರಶ್ನಿ ತಗೀಲಾರದ ಇದ್ದಿದ್ರ, ಸರ್ಟಿಫಿಕೇಟು ಟೈಮಿಗೆ ಸಿಗ್ತಿತ್ತೇನ್ರಿ?"

ಬಾಯಿಪಾಠ ಮಾಡಿದ ಮಾತು ನಾಲಿಗೆಯ ಮೇಲೇ ಇತ್ತು. ಆರು ದಿನ ನನ್ನಿಂದ ಹೋದವು, ಮೂರು ದಿನ ತಡವಾಯಿತು. ಲೆಕ್ಕ ಅವಳಿಗೂ ಬರುತ್ತದೆ. ಆದರೂ ಅವಳು ಕೇಳುತ್ತಿದ್ದಳು, ಯಾಕೆಂದರೆ ಅವಳ ಪ್ರಶ್ನೆಗೆ ನಾನು ಇನ್ನೂ ಒಂದು ಸಲವೂ ಉತ್ತರ ಕೊಟ್ಟಿರಲಿಲ್ಲ.

"ಸಿಗ್ತಿತ್ತವ್ವಾ," ಅಂದೆ.

ಅವಳು ತಲೆಯಾಡಿಸಿದಳು. ಅಷ್ಟು ತಿಳಿಯಬೇಕಿತ್ತು ಅಂದಳು. ಚಪ್ಪಲಿ ಮೆಟ್ಟಿಕೊಂಡು, ಬರ್ತೀನ್ರಿ ಎಂದು ಹೇಳಿ, ಕುಷ್ಟಗಿ ಬಸ್ಸಿಗೆ ನಡೆದಳು.